ಹಸಿರು ಟೇಪು

ನಮ್ಮ ರಿಪೇರಿ ಅಂಗಡಿಯಲ್ಲಿ ಇರುವುದು ಒಂದೇ ಕಾನೂನು. ಗಿರಾಕಿಯ ಕಂಪ್ಯೂಟರ್ ಬಂದರೆ ಓನರ್ ಮೊದಲು ಫೈಲುಗಳನ್ನೆಲ್ಲ ಕಾಪಿ ಮಾಡಿಟ್ಟು, ಡಬ್ಬದ ನೆತ್ತಿಗೆ ಒಂದು ತುಂಡು ಹಸಿರು ಟೇಪು ಅಂಟಿಸುತ್ತಾನೆ. ಟೇಪಿದ್ದರೆ ನಾನು ಒಳಗೆ ಏನಿದೆ ಅಂತ ನೋಡುವುದಿಲ್ಲ. ಎಲ್ಲ ಅಳಿಸಿ ಹೊಸ ಓಎಸ್ ಹಾಕುತ್ತೇನೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ತಲೆ ಯಾಕೆ, ಕೈ ಸಾಕು ಎನ್ನುತ್ತಾನೆ ಓನರ್.

ಇವತ್ತು ಮಧ್ಯಾಹ್ನ ಆ ಕೈ ನಮ್ಮ ಮನೆಯ ಕಂಪ್ಯೂಟರನ್ನೇ ಅಳಿಸಿತು.

ಆಮೆಯ ಹಾಗೆ ತೆವಳುತ್ತಿದೆ, ಸರಿ ಮಾಡಿಸು ಅಂತ ಅಮ್ಮ ಕೊಟ್ಟು ಕಳಿಸಿದ್ದಳು. ಅದರೊಳಗೆ ಅಪ್ಪನ ದನಿ ಇತ್ತು. ಅಪ್ಪ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸುಗಳ ಹೆಸರು ಕೂಗುತ್ತಿದ್ದವನು. ಗಂಟಲಿನ ಆಪರೇಷನ್ನಿನ ಹಿಂದಿನ ದಿನ ಅಮ್ಮ ಹಟ ಹಿಡಿದು ನಲವತ್ತು ನಿಮಿಷ ರೆಕಾರ್ಡ್ ಮಾಡಿಸಿದ್ದಳು. ಬಸ್ಸುಗಳ ಕೂಗು, ಅಮ್ಮನಿಗೆ ಹಾಕುವ 'ಏ ಇವಳೇ', ನನಗೆ ಬೀಳುವ ಬೈಗುಳ, ಎಲ್ಲ. ಈಗ ಅಪ್ಪನ ಮಾತು ಸ್ಲೇಟಿನ ಮೇಲೆ. ದಿನಾ ಸಂಜೆ ಅಮ್ಮ ಆ ಹಳೆಯ ದನಿ ಹಾಕಿಕೊಂಡೇ ಒಲೆ ಹಚ್ಚುವುದು.

ಊಟ ಮಾಡಿ ಬಂದು ಕಾಪಿ ಮಾಡೋಣ ಅಂತ ಡಬ್ಬವನ್ನು ಸಾಲಿನ ಕೊನೆಗಿಟ್ಟಿದ್ದೆ. ಬಂದಾಗ ಓನರ್ ಕಿರುಚುತ್ತಿದ್ದ, "ಬೇಗ ಮುಗಿಸೋ, ಆಫೀಸಿನವರು ಬಂದು ನಿಂತಿದ್ದಾರೆ!" ಐದು ಡಬ್ಬ, ಐದೂ ಕಪ್ಪು, ಐದರ ಮೇಲೂ ಹಸಿರು ಟೇಪು. ಕೈ ಓಡಿತು. ಎಲ್ಲ ಅಳಿಸಿ ಮುಗಿಸಿ ಐದನೆಯದರ ವೈರು ಕೀಳುವಾಗ ಡಬ್ಬದ ಪಕ್ಕಕ್ಕೆ ಅಮ್ಮ ಅಂಟಿಸಿದ್ದ ಚೀಟಿ ಕಂಡಿತು. ಹಾಲಿನವನ ನಂಬರು.

ಮೂರು ವರ್ಷದ ಹಿಂದೆ ಆ ಡಬ್ಬವನ್ನು ನಮ್ಮ ಅಂಗಡಿಯಿಂದಲೇ ಸೆಕೆಂಡ್‌ಹ್ಯಾಂಡ್ ಕೊಂಡಿದ್ದೆ. ಟೇಪು ಆವತ್ತಿನದು. ಕಿತ್ತು ಬಿಸಾಕಲು ನನಗೆ ಯಾವ ರೋಗ ಬಂದಿತ್ತು?

"ಅಣ್ಣಾ, ಹೇಗಾದ್ರೂ ತೆಗೀರಿ. ಕಾಲಿಗೆ ಬೀಳ್ತೀನಿ," ಎಂದೆ ಓನರಿಗೆ.

"ಬಂದವರಿಗೆಲ್ಲ ಕಾಪಿ ಇಟ್ಕೊಳ್ಳಿ ಅಂತ ಬುದ್ಧಿ ಹೇಳ್ತಿದ್ದೆಯಲ್ಲೋ! ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಗಡಿಗೇಲಿ ಬಿತ್ತಂತೆ."

ಅವನ ಮುಖಕ್ಕೆ ಗುದ್ದಬೇಕೆನಿಸಿತು. ಆದರೆ ಪಾಪ, ಮೂರು ತಾಸು ಕೂತು ಹುಡುಕಿದವನೂ ಅವನೇ. ಹಳೆಯದರ ಮೇಲೆ ಹೊಸದು ಕೂತುಬಿಟ್ಟಿತ್ತು. ಸಿಕ್ಕಿದ್ದು ನಾಲ್ಕು ಸೆಕೆಂಡು.

ಮನೆಗೆ ಬಂದು, ಏನೂ ಮುಚ್ಚಿಡದೆ ಹೇಳಿ, ಅದನ್ನೇ ಹಾಕಿದೆ. ಒಂದು ಕೆಮ್ಮು. ಆಮೇಲೆ ಅಪ್ಪನ ದನಿ, "ಇದು ಆನ್ ಆಯ್ತೇನೇ?" ಅಷ್ಟೇ. ಮುಂದೆ ಬರೀ ಗೊರಗೊರ.

"ಬಯ್ಯಿ ಅಪ್ಪಾ!" ಎಂದು ಕೂಗಿದೆ. "ಹೊಡಿ, ಏನಾದ್ರೂ ಮಾಡು!"

ಅಪ್ಪ ಸ್ಲೇಟು ಎತ್ತಿಕೊಂಡು ಬರೆದ: 'ನಿನ್ನ ಬೈಗುಳವೂ ಅದರಲ್ಲೇ ಇತ್ತಲ್ಲೋ.' ಅವನ ಹೆಗಲು ಅಲ್ಲಾಡುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ, ದನಿಯಿಲ್ಲದೆ ಹೇಗೆ ತಿಳಿಯಬೇಕು? ನಾನು ನೋಡುತ್ತಿದ್ದಂತೆಯೇ ಬರೆದದ್ದನ್ನು ಅಂಗೈಯಿಂದ ಒರೆಸಿಬಿಟ್ಟ.

ಅಮ್ಮ ಸ್ಪೀಕರಿನ ಮುಂದೆ ಕೂತೇ ಇದ್ದಳು. ಒಲೆ ಹಚ್ಚಿರಲಿಲ್ಲ.

"ಹ್ಞೂಂ, ಆನ್ ಆಗಿದೆ, ಮಾತಾಡಿ," ಎಂದಳು ಸ್ಪೀಕರಿಗೆ. ಆಮೇಲೆ ನನ್ನ ಕಡೆ ತಿರುಗದೆಯೇ, "ಇನ್ನೊಂದ್ಸಲ ಹಾಕೋ."