ಜಮಖಾನದ ಮೇಲಿನ ಓಟುಗಳು

ಅವತ್ತು ಬೆಳಿಗ್ಗೆ ನಾಗಣ್ಣ ಹಿಟ್ಟಿನ ಗಿರಣಿಯ ಬಾಗಿಲು ತೆಗೆಯದೆ ಸೀದಾ ಲಾಲಮ್ಮನ ಮನೆಗೆ ನಡೆದ. ಕಾಲುವೆ ನೀರು ಬಳಸುವ ರೈತರ ಸಂಘದ ಚುನಾವಣೆ ಅವತ್ತು. ಓಟು ಹಾಕಲು ಮುದುಕನದೊಡ್ಡಿಯವರು ಹುಣಸಗಿಗೆ ಹೋಗಬೇಕಾಗಿಲ್ಲದ ಮೊದಲ ಚುನಾವಣೆ ಅದು. ಮೊಬೈಲಿಗೆ ಒಂದು ಗುಪ್ತ ನಂಬರು ಬರುತ್ತದೆ. ಅದನ್ನು ಒತ್ತಿದರೆ ನಿಂತವರ ಫೋಟೊಗಳು ಮೂಡುತ್ತವೆ. ಬೇಕಾದವರ ಮೋರೆಯ ಮೇಲೆ ಬೆರಳಿಟ್ಟರೆ ಮುಗಿಯಿತು.

ಲಾಲಮ್ಮ ಕಟ್ಟೆಯ ಮೇಲೆ ಹಗ್ಗ ಹೆಣೆದ ಹೊರಸಿನಲ್ಲಿ ಒರಗಿಕೊಂಡಿದ್ದಳು. ಕೂಲಿಗೆ ಹೋದ ಭತ್ತದ ಗದ್ದೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗಿನಿಂದ ಅವಳ ಲೋಕವೆಲ್ಲ ಆ ಹೊರಸೇ ಆಗಿತ್ತು. ಸರಕಾರ ಕೊಟ್ಟ ಒಂದೂವರೆ ಎಕರೆಯ ಒಡತಿ, ಸಂಘದ ಹಳೆಯ ಸದಸ್ಯೆ. ಆದರೆ ಒಮ್ಮೆಯೂ ಓಟು ಹಾಕಿದವಳಲ್ಲ. ಕಾಲು ಗಟ್ಟಿ ಇದ್ದಾಗ ಒಂದು ಸಲ ಹುಣಸಗಿಗೆ ಹೋಗಿದ್ದಳು. ಮೇಲಿನ ಊರುಗಳ ಗಂಡಸರು ಬಾಗಿಲಲ್ಲಿ ನಿಂತು, ‘ನಿಮ್ಮ ಕೇರಿಯವರದು ಕಡೀಗೆ’ ಎಂದು ಅವಳನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದರು. ಪೆಟ್ಟಿಗೆಗೆ ಅರಗು ಹಾಕುವವರೆಗೂ ಅವಳ ಸರದಿ ಬರಲಿಲ್ಲ. ಮತ್ತೆ ಅವಳು ಹೋಗಲಿಲ್ಲ.

“ಬಂತ ನೋಡು ನಾಗಣ್ಣ, ಟಿಣ್ ಅಂತು,” ಅಂದಳು.

“ಬಂದೈತಿ ಆಯಿ. ಈ ನಂಬರು ಒತ್ತು. ಹಾಂ. ಈಗ ಫೋಟೊ ಬಂದ್ವು. ನಿನಗ ಯಾರು ಬೇಕೋ ಅವ್ರ ಮ್ಯಾಲ ಬೆರಳಿಡು.”

ಲಾಲಮ್ಮ ಕಷ್ಟಪಟ್ಟು ಗೋಡೆಯ ಕಡೆ ಹೊರಳಿದಳು. ಸೆರಗನ್ನು ತಲೆಯ ಮೇಲಿಂದ ಫೋನಿನವರೆಗೂ ಎಳೆದುಕೊಂಡಳು. ಒಳಗೆ ಬಹಳ ಹೊತ್ತು ಏನೋ ಗೊಣಗಿದಳು. ಸೆರಗು ತೆಗೆದಾಗ ಮುಖದಲ್ಲಿ ಹೊಸ ಬಿಗುಮಾನವೊಂದು ಕುಳಿತಿತ್ತು.

“ಒತ್ತೀನಿ. ಯಾರಿಗಂತ ನಿನಗೂ ಹೇಳಂಗಿಲ್ಲ.”

“ಕೇಳೂದೂ ಇಲ್ಲ ಬಿಡು,” ಎಂದು ನಾಗಣ್ಣ ನಕ್ಕ. ಎರಡು ವರ್ಷ ಸುರಪುರ, ಯಾದಗಿರಿ ಎಂದು ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದ್ದು ಸಾರ್ಥಕವಾಯಿತು ಎನ್ನಿಸಿತು.

ಅಲೆದದ್ದು ಸುಮ್ಮನೆ ಅಲ್ಲ. ನಾರಾಯಣಪುರದ ಡ್ಯಾಮಿನಿಂದ ಹೊರಟ ನೀರು ಹುಣಸಗಿ ಸುತ್ತಿನ ಮೇಲಿನ ಹೊಲಗಳಲ್ಲಿ ವರ್ಷಕ್ಕೆರಡು ಭತ್ತ ಬೆಳೆಸುತ್ತಿತ್ತು. ಕಾಲುವೆಯ ಕಟ್ಟಕಡೆಯ ಮುದುಕನದೊಡ್ಡಿಗೆ ಬರುವಷ್ಟರಲ್ಲಿ ತಳ ತೋಯಿಸುವಷ್ಟೂ ಉಳಿಯುತ್ತಿರಲಿಲ್ಲ. ನೀರಿನ ಪಾಳಿ ಗೊತ್ತು ಮಾಡುವವನು ಸಂಘದ ಅಧ್ಯಕ್ಷ. ಅಧ್ಯಕ್ಷ ಯಾವಾಗಲೂ ಮೇಲಿನವರ ಅಯ್ಯಣ್ಣ. ಯಾಕೆಂದರೆ ಕೆಳಗಿನವರಲ್ಲಿ ಅರ್ಧಕ್ಕರ್ಧ ಪುಣೆ, ಬೆಂಗಳೂರಿನ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಿದ್ದರು. ಓಟಿಗೆಂದು ಅಷ್ಟು ದೂರದಿಂದ ಕೂಲಿ ಬಿಟ್ಟು ಬರುವವರು ಯಾರು? ನಾಗಣ್ಣನ ತಮ್ಮ ಸೂಗಪ್ಪನೂ ಪುಣೆಯಲ್ಲೇ ಇದ್ದ. ಫೋನಿನಲ್ಲಿ ಓಟು ಬಂದರೆ ಇದ್ದಲ್ಲಿಂದಲೇ ಹಾಕಬಹುದು, ಆಗ ಕೆಳಗಿನವರೂ ಲೆಕ್ಕಕ್ಕೆ ಬರುತ್ತಾರೆ ಎಂದು ವಾದಿಸಿ ನಾಗಣ್ಣ ಅದನ್ನು ತಂದಿದ್ದ. ಈ ಸಲ ಕೆಳಗಿನವರ ಪರ ಹತ್ತಿ ವ್ಯಾಪಾರಿ ಅಮರಪ್ಪ ನಿಂತಿದ್ದ. ‘ನೀ ಗಿರಣಿ ನೋಡ್ಕೋ, ಸದಸ್ಯರ ಫೋನ್ ನಂಬರು ಆಫೀಸಿನ್ಯಾಗ ನಾ ಬರಸ್ತೀನಿ’ ಎಂದು ಆ ಕೆಲಸವನ್ನು ಅವನೇ ವಹಿಸಿಕೊಂಡಿದ್ದ.

ಲಾಲಮ್ಮನ ಮನೆಯಿಂದ ಹೊರಬೀಳುತ್ತಲೇ ಸೂಗಪ್ಪನ ಫೋನು ಬಂತು.

“ಅಣ್ಣ, ನನಗ ಮೆಸೇಜ್ ಬಂದೇ ಇಲ್ಲ. ಮುಂಜಾನಿಂದ ಫೋನ್ ಹಿಡ್ಕೊಂಡು ಕುಂತೀನಿ. ಕೆಲಸಕ್ಕೂ ಹೋಗಿಲ್ಲ, ಮೇಸ್ತ್ರಿ ಬೈದಾನ. ಇಲ್ಲಿ ನಮ್ಮೂರವರು ಯಾರಿಗೂ ಬಂದಿಲ್ಲ.”

“ತಡಿ, ಅಮರಪ್ಪಣ್ಣನ್ನ ಕೇಳ್ತೀನಿ. ನಂಬರು ತಪ್ಪಿರಬೇಕು.”

ಅಮರಪ್ಪನ ಹತ್ತಿ ಗೋದಾಮು ಊರ ಹೊರಗೆ, ಸುರಪುರದ ರಸ್ತೆಯಲ್ಲಿತ್ತು. ನಾಗಣ್ಣ ಮೋಟರ್‌ಸೈಕಲ್ ನಿಲ್ಲಿಸಿದಾಗ ಪಡಸಾಲೆಯಲ್ಲಿ ಊರಿನ ಹತ್ತಿಪ್ಪತ್ತು ಜನ ಕುಳಿತಿದ್ದರು. ಎಲ್ಲರ ಕೈಯಲ್ಲೂ ಪೇಪರ್ ತಟ್ಟೆ, ತಟ್ಟೆಯಲ್ಲಿ ಮಂಡಕ್ಕಿ, ಮಿರ್ಚಿ ಭಜಿ. ಗುಡಿಯ ಹೊರಗೆ ಚಪ್ಪಲಿ ಬಿಟ್ಟು ಬಂದವರ ಹಾಗೆ ನಿಶ್ಚಿಂತೆಯಿಂದ ತಿನ್ನುತ್ತಿದ್ದರು.

ಒಳಗೆ ದೊಡ್ಡ ಜಮಖಾನ ಹಾಸಿತ್ತು. ಅದರ ಮೇಲೆ ಸಾಲು ಸಾಲಾಗಿ ಹೊರಗೆ ಕುಳಿತವರ ಮೊಬೈಲುಗಳು. ಹಳೆಯವು, ಹೊಸವು, ಗಾಜು ಒಡೆದವು, ರಬ್ಬರ್ ಬ್ಯಾಂಡ್ ಸುತ್ತಿದವು. ಅಮರಪ್ಪನ ಕಡೆಯ ಮೂವರು ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ನಡುವೆ ಭಜಿಯ ಬುಟ್ಟಿ. ಒಂದು ಫೋನು ಟಿಣ್ ಎನ್ನುತ್ತಿತ್ತು. ಒಬ್ಬ ಬಾಯಿಯಲ್ಲಿ ಅರ್ಧ ಮಿರ್ಚಿ ಕಚ್ಚಿಕೊಂಡೇ ನಂಬರು ಒತ್ತುತ್ತಿದ್ದ, ಫೋಟೊ ಬಂದ ಕೂಡಲೇ ಎಣ್ಣೆ ಬೆರಳಿನಿಂದ ಅಮರಪ್ಪನ ಮೋರೆ ಚುಚ್ಚುತ್ತಿದ್ದ, ಬೆರಳನ್ನು ಪ್ಯಾಂಟಿಗೆ ಒರೆಸಿ ಮುಂದಿನ ಫೋನಿಗೆ ಕೈ ಹಾಕುತ್ತಿದ್ದ. ಗಾಜುಗಳ ಮೇಲೆಲ್ಲ ಜಿಡ್ಡು. ಮೂಲೆಯಲ್ಲಿ ಗುಟ್ಕಾ ಉಗುಳಿದ ಕೆಂಪು ಹರಿದಿತ್ತು. ಆ ವಾಸನೆಗೆ ನಾಗಣ್ಣ ಮೂಗು ಮುಚ್ಚಿಕೊಂಡ.

ಗೋಡೆಯ ಬದಿಯ ಫೋನುಗಳು ಎಲ್ಲವೂ ಒಂದೇ ಬಗೆಯ ಅಗ್ಗದವು. ಒಂದೊಂದರ ಬೆನ್ನಿಗೂ ಬಿಳಿ ಪಟ್ಟಿ ಅಂಟಿಸಿ ಹೆಸರು ಬರೆದಿತ್ತು. ಅವನ ಕಣ್ಣೆದುರಿಗೇ ಒಂದು ಸದ್ದು ಮಾಡಿತು. ಕುಳಿತವನು ಎತ್ತಿ, ಒತ್ತಿ, ಕವುಚಿಟ್ಟ. ಪಟ್ಟಿಯ ಮೇಲೆ ‘ಸೂಗಪ್ಪ’ ಎಂದಿತ್ತು.

“ಇದು ನನ್ನ ತಮ್ಮಂದು,” ಅಂದ ನಾಗಣ್ಣ.

ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದ ಅಮರಪ್ಪ ತಲೆ ಎತ್ತಿದ. ಮುಜುಗರದ ಸುಳಿವೂ ಇರಲಿಲ್ಲ. “ಬಾ ನಾಗಣ್ಣ, ಕುಂದ್ರು. ಭಜಿ ತಿನ್ನು.”

“ಪುಣೆದಾಗ ಇದ್ದವರ ನಂಬರೆಲ್ಲ ಬದಲಿ ಮಾಡೀರೇನಣ್ಣ?”

“ಮತ್ತೇನು, ಅವರು ಅಲ್ಲಿ ಕುಂತು ತಪ್ಪು ಒತ್ತಿ ಕೆಡಸಲಿ ಅಂತ ಬಿಡಬೇಕಿತ್ತೇನು? ನಿನ್ನ ತಮ್ಮ ಯಾರಿಗೆ ಹಾಕಾಂವ ಇದ್ದ? ನನಗ ಹೌದಿಲ್ಲೋ? ಅವನ ಕೆಲಸ ನಾವು ಮಾಡೀವಿ, ಅಷ್ಟ.”

“ಹಂಗಾದ್ರ ಅವನ ಪಾಲಿನ ಊಟಾನೂ ನೀವೇ ಉಣ್ರಿ. ಅವನ ಪರವಾಗಿ ನಿದ್ದಿನೂ ನೀವೇ ಮಾಡ್ರಿ.”

ಅಮರಪ್ಪ ನಕ್ಕ. “ಸಿಟ್ಟಾಗಬ್ಯಾಡ. ಹುಣಸಗ್ಯಾಗ ಅಯ್ಯಣ್ಣ ಮೂರು ಜಮಖಾನ ಹಾಸ್ಯಾನ. ಮೊದಲು ಪೆಟ್ಟಿಗಿ ಹೊಡಿಬೇಕಂದ್ರ ನೂರು ಮಂದಿ, ಬಡಿಗಿ, ಜಗಳ, ಪೊಲೀಸರು. ಈಗ ನೋಡು, ನೆಳ್ಳಾಗ ಕುಂತು ಮುಗಿಸಾಕತ್ತೀವಿ. ಇದನ್ನ ತಂದಾಂವ ನೀನ. ನಿನ್ನ ಉಪಕಾರ ಮರಿಯಂಗಿಲ್ಲ. ನಿನಗ ನೀರು ಬೇಕೋ ಬ್ಯಾಡೋ?”

ನಾಗಣ್ಣ ಹೊರಗೆ ಬಂದ. ಪಡಸಾಲೆಯಲ್ಲಿದ್ದ ಅವನದೇ ವಾರಿಗೆಯವನೊಬ್ಬ, “ನಮ್ಮ ಫೋನು ಕೊಡ್ತಾರಂತೇನು? ಹೊಲಕ್ಕ ಹೋಗ್ಬೇಕಿತ್ತು,” ಎಂದು ಬಾಯಿ ಚಪ್ಪರಿಸುತ್ತ ಕೇಳಿದ. ನಾಗಣ್ಣ ಬೇವಿನ ಗಿಡದ ಹಿಂದೆ ಹೋಗಿ, ಬೆಳಗಿನ ಚಹಾವನ್ನೆಲ್ಲ ಕಾರಿಕೊಂಡ.

ತಮ್ಮ ಮತ್ತೆ ಫೋನು ಮಾಡಿದ. “ಏನಂದ್ರಣ್ಣ?”

“ನಿನ್ನ ಓಟು ಬಿದ್ದೈತಂತ ಸೂಗಪ್ಪ.”

“ನಾ ಹಾಕೇ ಇಲ್ಲಲ್ಲ.”

ನಾಗಣ್ಣ ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡ. ಆ ಕಡೆಯಿಂದ, “ಹಂಗಾದ್ರ ಕೆಲಸಕ್ಕ ಹೋಗ್ತೀನಿ, ಅರ್ಧ ದಿನದ್ದಾದ್ರೂ ಸಿಗ್ತೈತಿ,” ಎಂದು ಕೇಳಿಸಿತು.

ಸಂಜೆಯೊಳಗೆ ಅಮರಪ್ಪ ಗೆದ್ದಿದ್ದ. ಗುಲಾಲು ಹಾರಿತು. ವಾರ ಕಳೆಯುವುದರೊಳಗೆ ಕಾಲುವೆಯಲ್ಲಿ ನೀರೂ ಬಂತು. ಅದೇನು ಸುಳ್ಳಲ್ಲ, ಮುದುಕನದೊಡ್ಡಿಯ ಮುದುಕರೂ ಕಂಡಿರದಷ್ಟು ನೀರು. ನಾಗಣ್ಣನ ಹೆಂಡತಿ ಚಂದಮ್ಮ ಸೀರೆ ಎತ್ತಿ ಕಟ್ಟಿ, ಮೊಣಕಾಲು ನೀರಿನಲ್ಲಿ ನಿಂತು ಒಡ್ಡು ತಿದ್ದುತ್ತಿದ್ದಳು. ಇವನು ಬದುವಿನ ಮೇಲೆ ನಿಂತೇ ಇದ್ದ. ಕೆಂಪು ನೀರು ಹೊಲಕ್ಕೆ ಹೊಕ್ಕಾಗಲೆಲ್ಲ ಗೋದಾಮಿನ ಮೂಲೆಯ ಆ ಕೆಂಪು ನೆನಪಾಗುತ್ತಿತ್ತು. ಯಾರೋ ಬಾಯಿ ಮುಕ್ಕಳಿಸಿ ಉಗುಳಿದ್ದನ್ನು ತನ್ನ ಹೊಲಕ್ಕೆ ಹಾಯಿಸಿಕೊಂಡ ಹಾಗೆ ಮೈ ಮುದುಡಿತು.

“ಇಳೀರಿ ಕೆಳಗ,” ಅಂದಳು ಚಂದಮ್ಮ. “ನೀರು ಬಂದೈತಲ್ಲ, ಇನ್ನೇನು ಬೇಕು ನಿಮಗ?”

“ಇದು ಕದ್ದ ನೀರು.”

“ಇಷ್ಟು ವರ್ಷ ಅವರು ಕದ್ದಿದ್ದು ಯಾರ ನೀರು? ಬಾಯಿ ಮುಚ್ಚಿ ನಾಟಿ ಮಾಡ್ರಿ. ಊರೆಲ್ಲ ಉಣ್ಣಾಕತ್ತೈತಿ, ನಿಮಗೊಬ್ಬರಿಗೇ ವಾಕರಿಕಿ.”

ಅವಳ ಮಾತಿನಲ್ಲಿ ತಪ್ಪು ಹುಡುಕಲು ಅವನಿಗಾಗಲಿಲ್ಲ. ಆದರೂ ಮರುದಿನ ಸುರಪುರದ ಬಸ್ಸು ಹತ್ತಿದ. ಚುನಾವಣೆ ನಡೆಸಿದ ಅಧಿಕಾರಿಯ ಮುಂದೆ ಕುಳಿತು, ಜಮಖಾನ, ಫೋನುಗಳು, ತಮ್ಮನ ಹೆಸರಿನ ಪಟ್ಟಿ, ಎಲ್ಲವನ್ನೂ ಹೇಳಿದ. ಹುಣಸಗಿಯ ಜಮಖಾನಗಳನ್ನೂ ಬಿಡಲಿಲ್ಲ. ಅಧಿಕಾರಿ ಕನ್ನಡಕ ತೆಗೆದು ಅವನನ್ನು ನೋಡಿದರು.

“ಸೋತವರು ತಕರಾರು ತರ್ತಾರ. ಗೆದ್ದವರ ಕಡೆಯವರು ಬಂದಿದ್ದು ನಾ ನೋಡಿಲ್ಲ. ಇದು ರದ್ದಾದ್ರ ಮತ್ತ ಪೆಟ್ಟಿಗಿ ಓಟೇ. ವಿಚಾರ ಮಾಡ್ರಿ.”

“ಮಾಡೇ ಬಂದೀನ್ರಿ,” ಅಂದ ನಾಗಣ್ಣ. ಲಾಲಮ್ಮನ ಸೆರಗು ಕಣ್ಣಿಗೆ ಕಟ್ಟಿತು. ಆದರೂ ಹೇಳಿಕೆಗೆ ಸಹಿ ಹಾಕಿದ.

ಚುನಾವಣೆ ರದ್ದಾಯಿತು. ಹುಣಸಗಿಯಲ್ಲೇ ಹಳೆಯ ಪದ್ಧತಿಯಲ್ಲಿ ಮತ್ತೆ ನಡೆಸುವುದೆಂದು ತೀರ್ಮಾನವಾಯಿತು, ದಿನವೂ ಗೊತ್ತಾಯಿತು. ನಾಗಣ್ಣನ ಗಿರಣಿಗೆ ಜೋಳ ತರುವವರು ನಿಂತುಹೋದರು. ಎರಡು ಹರದಾರಿ ಆಚೆ ಬೇರೆ ಊರಿಗೆ ಹೊತ್ತುಕೊಂಡು ಹೋದರೇ ಹೊರತು ಅವನ ಬಾಗಿಲಿಗೆ ಬರಲಿಲ್ಲ. ಚಂದಮ್ಮ ಬೇಕಾದಷ್ಟೇ ಮಾತಾಡುತ್ತಿದ್ದಳು. ಅವನಿಗೆ ಇವೆಲ್ಲಕ್ಕಿಂತ ಭಾರವಾದದ್ದು ಲಾಲಮ್ಮ ಮನೆಗೆ ಕರೆಸಿಕೊಂಡದ್ದು.

“ಅವರು ಕದ್ದಿದ್ರ ಅವರದ್ದು ತಗದು ಒಗೀರಿ,” ಅಂದಳು ಅವಳು. “ನಂದು ಖರೇ ಇತ್ತಲ್ಲೋ ಎಪ್ಪಾ. ನನ್ನ ಕೈಲೇ ಹಾಕಿದ್ದು. ಅದನ್ಯಾಕ ಅಳಿಸಿದ್ರಿ?”

“ಖರೇದು ಯಾವುದು, ಕಳವಿಂದು ಯಾವುದು ಅಂತ ಆ ಯಂತ್ರಕ್ಕ ಗೊತ್ತಾಗಂಗಿಲ್ಲಂತ ಆಯಿ. ಎಲ್ಲಾ ಒಂದಾಗಿ ಕುಂತಾವ.”

“ಜ್ವಾಳದಾಗ ಕಲ್ಲುಹಳ್ಳು ಅದಾವಂತ ಚೀಲಾನ ಹೊಳಿಗೆ ಒಗದಂಗಾತಲ್ಲ.”

ಅವನು ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ ಹೇಳಿದ, “ನಾನ ನಿನ್ನ ಹುಣಸಗಿಗೆ ಕರ್ಕೊಂಡು ಹೋಗ್ತೀನಿ. ನಮ್ಮೂರ ಖಾಜಾಹುಸೇನನ ಟಂಟಂ ಆಟೊ ಹೇಳೀನಿ. ಒಳಗ ಹೊತ್ಕೊಂಡು ಹೋಗ್ತೀನಿ. ಯಾರು ಬಿಸಲಾಗ ನಿಂದ್ರಸ್ತಾರ ನೋಡೂಣು.”

ಆ ದಿನ ಲಾಲಮ್ಮ ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ಕಾಯುತ್ತಿದ್ದಳು. ಖಾಜಾಹುಸೇನ ಸೀಟಿನ ಮೇಲೆ ತನ್ನ ಮನೆಯ ಹಾಸಿಗೆಯನ್ನೇ ಮಡಚಿ ಹಾಕಿದ್ದ. ಒಂದೊಂದು ತಗ್ಗಿಗೂ ಮುದುಕಿ ಹಲ್ಲು ಕಚ್ಚಿದಳು, ನರಳಲಿಲ್ಲ.

ಸಂಘದ ಕಚೇರಿಯ ಮುಂದೆ ಸಾಲು ಇರಲಿಲ್ಲ. ಪಟಾಕಿಯ ಕಾಗದ ಚೆಲ್ಲಿತ್ತು. ಕಟ್ಟೆಯ ಮೇಲೆ ಅಮರಪ್ಪ, ಅಯ್ಯಣ್ಣ ಇಬ್ಬರೂ ಹಾರ ಹಾಕಿಕೊಂಡು, ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ನಿಂತಿದ್ದರು. ಹಿಂದಿನ ಸಂಜೆ ಇಬ್ಬರೂ ಒಂದಾಗಿದ್ದರಂತೆ. ಮತ್ತೆ ಚುನಾವಣೆ ಎಂದರೆ ಖರ್ಚು, ವಿಚಾರಣೆ ಎಂದರೆ ಇಬ್ಬರ ಜಮಖಾನವೂ ಹೊರಬೀಳುತ್ತದೆ. ಅದಕ್ಕೇ ಅವಧಿಯ ಮೊದಲರ್ಧ ಅಯ್ಯಣ್ಣ ಅಧ್ಯಕ್ಷ, ಉಳಿದರ್ಧ ಅಮರಪ್ಪ ಎಂದು ಹಂಚಿಕೊಂಡು, ಮಿಕ್ಕವರ ನಾಮಪತ್ರ ವಾಪಸು ತೆಗೆಸಿದ್ದರು. ಅವಿರೋಧ ಆಯ್ಕೆ.

ನಾಗಣ್ಣ, ಖಾಜಾಹುಸೇನ ಇಬ್ಬರೂ ಸೇರಿ ಲಾಲಮ್ಮನನ್ನು ಇಳಿಸಿ ಮೆಟ್ಟಿಲ ಮೇಲೆ ಕೂರಿಸಿದರು. ಅವಳು ಉಸಿರು ಸುಧಾರಿಸಿಕೊಂಡು ಕೇಳಿದಳು, “ಪೆಟ್ಟಿಗಿ ಎಲ್ಲೈತ್ರಿ?”

ಅಮರಪ್ಪ ಪೇಡೆಯ ಡಬ್ಬಿ ಹಿಡಿದು ಕೆಳಗಿಳಿದ. “ಪೆಟ್ಟಿಗಿ ಬ್ಯಾಡ ಬಿಡು ಲಾಲಮ್ಮ, ಎಲ್ಲಾ ಶಾಂತವಾಗಿ ಫೈಸಲಾ ಆಗೇತಿ. ತಗೋ, ಬಾಯಿ ಸಿಹಿ ಮಾಡ್ಕೋ.”

“ನಾ ಪೇಡೆ ತಿನ್ನಾಕ ಬಂದಿಲ್ಲ.”

“ಈ ನಾಗಣ್ಣನ ಮಾತು ಕೇಳಿ ಸುಮ್ಮನ ತ್ರಾಸ ತಗೊಂಡಿ ನೋಡು,” ಎಂದು ಅವನು ಡಬ್ಬಿಯನ್ನು ನಾಗಣ್ಣನ ಕಡೆ ಚಾಚಿದ. ನಾಗಣ್ಣ ಆ ಕೈಯನ್ನು ನೋಡಿದ, ಕೈಯ ಹಿಂದಿನ ಮುಖವನ್ನು ನೋಡಿದ. ಹೊಡೆಯಬೇಕು ಎನ್ನಿಸಲಿಲ್ಲ. ಮುಟ್ಟುವುದೂ ಬೇಡ ಎನ್ನುವಷ್ಟು ಹೇಸಿಕೆಯಾಯಿತು.

ಮೇಲಿನಿಂದ ಅಯ್ಯಣ್ಣ ಕೂಗಿದ, “ಆ ಮುದುಕಿನ್ನ ಸ್ವಲ್ಪ ಸರಸ್ರಿ. ಫೋಟೊಕ್ಕ ಅಡ್ಡ ಆಗ್ತೈತಿ.”

“ಸರಸಂಗಿಲ್ಲ,” ಅಂದ ನಾಗಣ್ಣ. “ಆಕಿ ಸದಸ್ಯೆ ಅದಾಳ. ನೀವ ಸರೀರಿ.”

ಅವರು ಗೊಣಗುತ್ತ ಪಕ್ಕದ ಬಾಗಿಲಿಗೆ ಹೋಗಿ ಫೋಟೊ ತೆಗೆಸಿಕೊಂಡರು. ನಗೆ, ಚಪ್ಪಾಳೆ ಕೇಳಿಸಿದವು. ಲಾಲಮ್ಮ ಬಹಳ ಹೊತ್ತು ಮೆಟ್ಟಿಲು ಬಿಟ್ಟು ಏಳಲು ಒಪ್ಪಲಿಲ್ಲ. ಕಚೇರಿಗೆ ಬೀಗ ಬಿದ್ದ ಮೇಲೆ, “ಚಹಾ ಕುಡಸ್ರೋ,” ಅಂದಳು.

ಬಸ್‌ಸ್ಟ್ಯಾಂಡಿನ ಹೋಟೆಲ್ಲಿನಿಂದ ಖಾಜಾಹುಸೇನ ಟಂಟಂಗೇ ಚಹಾ ತಂದುಕೊಟ್ಟ. ಮುದುಕಿ ಊದಿ ಊದಿ ಕುಡಿದಳು.

“ಇನ್ನೊಂದು ಓಟು ಯಾವಾಗ ಬರ್ತೈತಿ?”

“ಐದು ವರ್ಷಕ್ಕ, ಆಯಿ.”

“ಅಲ್ಲೀತನ ನಾ ಇರಂಗಿಲ್ಲ,” ಎಂದಳು, ಬಸ್ಸು ತಪ್ಪಿತು ಎನ್ನುವಷ್ಟೇ ಸಹಜವಾಗಿ.

ನಾಗಣ್ಣ ತುಂಬಿದ ಕಪ್ಪನ್ನು ಹಾಗೆಯೇ ಹೋಟೆಲ್ಲಿನ ಕಟ್ಟೆಯ ಮೇಲಿಟ್ಟು ಬಂದು, ಅವಳ ಪಕ್ಕದಲ್ಲಿ ಕುಳಿತು, ತಗ್ಗು ಬಂದಾಗ ಹಿಡಿದುಕೊಳ್ಳಲು ತನ್ನ ತೋಳು ಕೊಟ್ಟ. ಟಂಟಂ ಮುದುಕನದೊಡ್ಡಿಯ ದಾರಿ ಹಿಡಿಯಿತು.