ಹಸಿರು ಗೋಡೆಯ ಬಣ್ಣ ಬಯಲಾಯಿತು

ಹಳೆಯ ಬಣ್ಣ ಕೆಲವು ನೆಂಟರ ಹಾಗೆ. ತಾನಾಗಿ ಹೋಗುವುದಿಲ್ಲ, ಹೊರಟರೆ ಮನೆ ತುಂಬ ರಂಪ.

ಬಸ್ ಕಂಡಕ್ಟರನ ಮನೆಯ ಇಟ್ಟಿಗೆ ಗೋಡೆಗೆ ಅವನ ಅಜ್ಜ ಬಳಿಸಿದ ಹಸಿರು ಬಣ್ಣ. ಈಗ ಅದು ಹೊಟ್ಟಿನಂತೆ ಉದುರುತ್ತಿತ್ತು. ಅಂಬೆಗಾಲಿಡುವ ಮಗಳು ಪುಟ್ಟಿ ಚೂರು ಹೆಕ್ಕಿ ಬಾಯಿಗಿಡುವುದು, ಹೆಂಡತಿ ಬೆರಳು ಹಾಕಿ ತೆಗೆಯುವುದು, ದಿನವಿಡೀ ಇದೇ ಆಟ.

“ಇದಕ್ಕೊಂದು ಗತಿ ಕಾಣಿಸ್ತೀನಿ,” ಎಂದು ಕಂಡಕ್ಟರ್ ಗೋಡೆ ಉಜ್ಜುವ ಮಿಷನ್ ತಂದ. ಮೂಗಿಗೆ ಟವೆಲ್ ಕಟ್ಟಿದ. ಮಗುವನ್ನು ಒಳಕೋಣೆಯ ತೊಟ್ಟಿಲಲ್ಲಿ ಮಲಗಿಸಿ ಬಾಗಿಲು ಹಾಕಿದ. ಗರ್ರ್ರ್... ಅರ್ಧ ಗೋಡೆ ಮುಗಿಸಿ, ಅದೇ ಅಂಗಿಯಲ್ಲಿ ಹೋಗಿ ಮಗಳನ್ನೆತ್ತಿ ಮುದ್ದಾಡಿದ.

ಸದ್ದು ಕೇಳಿ ಪಕ್ಕದ ಮನೆಯ ನರ್ಸ್ ಓಡಿ ಬಂದಳು.

“ಏನಪ್ಪಾ, ಬೀದಿಗೆಲ್ಲ ಕೇಳೋ ಹಾಗೆ ಗೋಡೆ ಜೊತೆ ಜಗಳ? ಮಗೂನ ಹೆಂಡತಿ ಕೈಗೆ ಕೊಟ್ಟು ಮೊದಲು ಅಂಗಿ ಬದಲಿಸು. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಆ ಧೂಳು ಮೈಯೊಳಗೆ ಹೋದ್ರೆ ಮಕ್ಕಳ ಮಿದುಳಿಗೇ ಪೆಟ್ಟು.”

“ಅಯ್ಯೋ ನರ್ಸಕ್ಕ, ಈ ಗೋಡೆಗೆ ಒರಗಿಕೊಂಡೇ ನಾನು ಬೆಳೆದಿದ್ದು. ನನ್ನ ಮಿದುಳಿಗೆ ಏನಾಗಿದೆ?”

“ಅದನ್ನ ನನ್ನ ಬಾಯಲ್ಲಿ ಹೇಳಿಸಬೇಡಿ,” ಎಂದಳು ಹೆಂಡತಿ.

“ಮಗು ಒಳಗಿತ್ತು, ಬಾಗಿಲೂ ಹಾಕಿದ್ದೆ!”

ನರ್ಸ್ ಬಿಳಿ ಬಟ್ಟೆಯೊಂದನ್ನು ಒದ್ದೆ ಮಾಡಿ ಅವನ ಕೈಗಿಟ್ಟಳು. “ತೊಟ್ಟಿಲಿನ ಕಂಬಿ ಒರೆಸಿಕೊಂಡು ಬಾ.”

ಅವನು ಒರೆಸಿಕೊಂಡು ಬಂದಾಗ ಬಟ್ಟೆ ಹಸಿರಾಗಿತ್ತು, ಮುಖ ಬಿಳಿಚಿತ್ತು.

“ಸೀಸ ಇದೆಯೋ ಇಲ್ಲವೋ ಪರೀಕ್ಷೆ ಹೇಳತ್ತೆ,” ಎಂದಳು ನರ್ಸ್. “ಧೂಳು ಎಲ್ಲಿಗೆ ಹೋಗಿದೆ ಅಂತ ಈ ಬಟ್ಟೆ ಹೇಳ್ತಾ ಇದೆ.”

“ಪುಟ್ಟಿಗೇನಾದ್ರೂ ಆದ್ರೆ...” ಎಂದ ಕಂಡಕ್ಟರ್.

“ಹೆದರಬೇಡ. ನಾಳೆ ಆಸ್ಪತ್ರೆಗೆ ಕರ್ಕೊಂಡು ಬಾ, ರಕ್ತ ಪರೀಕ್ಷೆ ಮಾಡಿಸೋಣ. ಬಣ್ಣದ ಚೂರೊಂದು ಲ್ಯಾಬಿಗೆ ಹೋಗಲಿ.”

ಬಣ್ಣದಲ್ಲಿ ಸೀಸವಿತ್ತು. ಪುಟ್ಟಿಯ ರಕ್ತದಲ್ಲೂ ಒಂದಿಷ್ಟು ಸಿಕ್ಕಿತು. “ಬೇಗ ಬಂದಿದ್ದೀರಿ, ಒಳ್ಳೇದಾಯ್ತು. ಧೂಳು ನಿಲ್ಲಿಸಿ, ಮತ್ತೆ ನೋಡೋಣ,” ಎಂದರು ಡಾಕ್ಟರು.

ತಾಯಿ ಮಗು ತವರಿಗೆ ಹೋದರು. ಈ ಕೆಲಸದಲ್ಲಿ ಪಳಗಿದ ಪೇಂಟರ್ ಬಂದು ಸರಿಯಾದ ಮಾಸ್ಕ್ ಹಾಕಿಕೊಂಡ. ನೆಲಕ್ಕೆ ಪ್ಲಾಸ್ಟಿಕ್ ಹಾಸಿದ. ಬಣ್ಣ ಕೀಳುವ ಪೇಸ್ಟನ್ನು ಒಂದು ಮೂಲೆಯಲ್ಲಿ ಹಚ್ಚಿ ನೋಡಿ, ಆಮೇಲೆ ಗೋಡೆಗೆಲ್ಲ ಬಳಿದ. ಬಣ್ಣ ಒದ್ದೆಯಾಗಿಯೇ ಸುಲಿದು ಬಂತು, ಧೂಳೇ ಏಳಲಿಲ್ಲ. ಮಿಷನ್ ಕಚ್ಚಿದ ಕಡೆ ಮಾತ್ರ ಇಟ್ಟಿಗೆಯ ಮುಖ ಕಿತ್ತುಹೋಗಿತ್ತು. ಕೊನೆಗೆ ಮನೆಯನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದರು.

ಮುಂದಿನ ಪರೀಕ್ಷೆಯ ದಿನ ಕಂಡಕ್ಟರ್ ಆಸ್ಪತ್ರೆಯ ಮೆಟ್ಟಿಲಿನಿಂದಲೇ, ಕೆಳಗೆ ಪುಟ್ಟಿಯನ್ನೆತ್ತಿಕೊಂಡು ನಿಂತಿದ್ದ ಹೆಂಡತಿಗೆ ಕೂಗಿದ. “ಸೀಸ ಇಳೀತು ಕಣೇ, ಇಳೀತು!” ದಿನವೂ ಬಸ್ಸಿನಲ್ಲಿ ‘ಇಳೀರಿ ಇಳೀರಿ’ ಎಂದು ರೇಗುವವನ ಬಾಯಲ್ಲಿ ಆ ಮಾತು ಅಷ್ಟು ಸಿಹಿಯಾಗಿ ಯಾರೂ ಕೇಳಿರಲಿಲ್ಲ.

ನಿಮ್ಮ ಮನೆಯ ಗೋಡೆಯಲ್ಲೂ ಹಳೆಯ ಬಣ್ಣ ಉದುರುತ್ತಿದೆಯೇ? ಮೊದಲು ಪರೀಕ್ಷೆ ಮಾಡಿಸಿ. ಒಣ ಬಣ್ಣವನ್ನು ಉಜ್ಜಬೇಡಿ, ಸುಡಬೇಡಿ, ಧೂಳನ್ನು ಪೊರಕೆಯಲ್ಲಿ ಗುಡಿಸಬೇಡಿ. ಕೆಲಸ ಮುಗಿಯುವವರೆಗೆ ಮಕ್ಕಳನ್ನೂ ಬಸುರಿಯರನ್ನೂ ಬೇರೆ ಮನೆಯಲ್ಲಿರಿಸಿ. ಅಜ್ಜನ ಕಾಲದಿಂದ ನಿಂತ ಗೋಡೆ ಇನ್ನೊಂದು ವಾರ ನಿಂತೀತು. ಅವಸರ ಬೇಡ.