ಮೂಲೆಯ ಬೆಂಚು

"ಇನ್ನೊಂದ್ಸಲ ಉಜ್ಜೇ, ಬೇವರ್ಸಿ. ನಿಮ್ಮ ಜನರ ವಾಸನೆ ಒಂದೇ ಸಲಕ್ಕೆ ಹೋಗೋದಲ್ಲ."

ಹೆಡ್ಮಾಸ್ತರು ಮೂಗಿಗೆ ಕರವಸ್ತ್ರ ಹಿಡಿದು ತರಗತಿಯ ಬಾಗಿಲಲ್ಲಿ ನಿಂತಿದ್ದರು. ನಾನು ಮಂಡಿಯೂರಿ ಮೂಲೆಯ ಬೆಂಚಿಗೆ ಫಿನಾಯಿಲ್ ಹಾಕಿ ಉಜ್ಜುತ್ತಿದ್ದೆ. ಸಂಜೆಯವರೆಗೂ ಅದರ ಮೇಲೆ ಒಬ್ಬಳೇ ಕೂತಿದ್ದವಳು ನನ್ನ ಮಗಳು.

ಮೋರಿಯಾಚೆಯ ನಮ್ಮ ಕೇರಿಯ ಮಕ್ಕಳನ್ನೂ ಈ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಕೋರ್ಟು ಹೇಳಿತ್ತು. ಹೆದರಿ ಯಾರೂ ಕಳಿಸಲಿಲ್ಲ, ಕಳಿಸಿದವಳು ನಾನೊಬ್ಬಳೇ. ಇಲ್ಲಿ ಕಸ ಹೊಡೆಯುವವಳು ನಾನು, ಮಗಳು ಕಣ್ಣೆದುರಿಗೇ ಇರುತ್ತಾಳಲ್ಲ ಎಂಬ ಧೈರ್ಯ. ಎಂಥ ಪೆದ್ದಿ ನಾನು! ಸೇರಿಸಿಕೊಳ್ಳಿ ಎಂದ ಕೋರ್ಟು ಬೆಂಚು ತೊಳೆಸಬೇಡಿ ಎಂದಿರಲಿಲ್ಲ. ತೊಳೆಯದಿದ್ದರೆ ಕೆಲಸ ಹೋಗುತ್ತದೆ. ತೊಳೆದರೆ ಮಗಳು ಹೊಲಸೆಂದು ಹೆತ್ತವಳೇ ಒಪ್ಪಿದಂತೆ. ಅತ್ತ ದರಿ, ಇತ್ತ ಪುಲಿ.

ಉಳಿದ ಬೆಂಚುಗಳನ್ನು ಬೆಳಗ್ಗೆ ಒರೆಸುವವಳೂ ನಾನೇ. ಹೆಡ್ಮಾಸ್ತರ ಕುರ್ಚಿ, ಅವರು ನೀರು ಕುಡಿಯುವ ಲೋಟ, ಎಲ್ಲ ಹೊಳೆಯುವುದು ಇದೇ ಕೈಯಿಂದ. ತೊಳೆಯುವ ಕೈ ಆಗುತ್ತದೆ, ಕೂರುವ ಅಂಡು ಆಗುವುದಿಲ್ಲ.

ಮನೆಯಲ್ಲಿ ಅತ್ತೆ, ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡ, ಹುಡುಗಿಯನ್ನು ಬಿಡಿಸಿಬಿಡು ಎಂದಳು. ಮಗಳು ನನ್ನ ಕೈ ಮೂಸಿ ನೋಡಿ ಮಲಗಿದಳು.

ಬೆಳಗ್ಗೆ ಬಚ್ಚಲಿನಿಂದ ಫಿನಾಯಿಲ್ ವಾಸನೆ ಬಂತು. ಓಡಿಹೋಗಿ ನೋಡಿದರೆ ಮಗಳು ಬಚ್ಚಲು ತೊಳೆಯಲು ಇಟ್ಟಿದ್ದ ಬಾಟಲಿ ಬಗ್ಗಿಸಿಕೊಂಡು ಕೈಕಾಲು ಉಜ್ಜುತ್ತಿದ್ದಳು. ತೊಡೆಯ ಚರ್ಮ ಕೆಂಪಗೆ ಸುಲಿದಿತ್ತು.

"ನಾನೇ ತೊಳ್ಕೊಂಡೆ ಅಮ್ಮ. ಇನ್ಮೇಲೆ ನೀನು ಬೆಂಚು ಉಜ್ಜೋದು ಬೇಡ."

ತಣ್ಣೀರು ಸುರಿದು, ಎಣ್ಣೆ ಹಚ್ಚಿ, ಅವಳನ್ನು ಎತ್ತಿಕೊಂಡೇ ಶಾಲೆಗೆ ಹೋದೆ. ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತಿತ್ತು. ಬಾಗಿಲು ತೆಗೆದು ಒಂದೊಂದು ಬೆಂಚಿನ ಮೇಲೂ ಅವಳನ್ನು ಕೂರಿಸಿ ಎಬ್ಬಿಸಿದೆ. ಆಮೇಲೆ ಹೆಡ್ಮಾಸ್ತರ ಕುರ್ಚಿಯ ಮೇಲೆ. ಕೊನೆಗೆ ಮುಂದಿನ ಸಾಲಿನ ನಟ್ಟನಡುವೆ ಕೂರಿಸಿ ಪಕ್ಕದಲ್ಲಿ ನಾನೂ ಕೂತೆ.

ಹೆಡ್ಮಾಸ್ತರು ಬಂದರು. ಹಿಂದೆ ಮಕ್ಕಳು, ಮಕ್ಕಳನ್ನು ಬಿಡಲು ಬಂದ ಅಪ್ಪಂದಿರು. ಎಲ್ಲೆಲ್ಲಿ ಕೂರಿಸಿದೆನೆಂದು ನಾನೇ ಹೇಳಿದೆ.

"ಎದ್ದೇಳೇ ರಂಡೆ. ಎಲ್ಲಾ ತೊಳಿ."

"ನೀವೇ ತೊಳ್ಕೊಳ್ಳಿ ಸಾರ್. ಬಕೆಟ್ಟು ಅಲ್ಲೇ ಇದೆ."

ಅವರು ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದರು. ಪೊಲೀಸರು ಬರುವವರೆಗೆ ಅಲ್ಲೇ ಸಾಯಿರಿ ಎಂದು ಕೂಗಿದರು. ಕಿಟಕಿಯಿಂದ ಒಂದು ಕಲ್ಲು ಬಂದು ಕರಿಹಲಗೆಗೆ ಬಡಿಯಿತು. ಮಗಳು ನನ್ನ ಸೆರಗು ಹಿಡಿದುಕೊಂಡಳು.

"ಪುಸ್ತಕ ತೆಗಿ ಕಂದ, ಓದು" ಎಂದೆ.

ಅವಳು ಓದತೊಡಗಿದಳು. ನಾನು ಎದ್ದು ಹೋಗಿ ಒಳಗಿನ ಚಿಲಕ ಹಾಕಿದೆ.